ನಿನ್ನ ಬಗ್ಗೆ ಬರೆಯುವವರು ಯಾರು?

‘ಶಿಫಾರಸು’ ಎಂಬ ಪದ ಕೇಳಿದರೆ ನಮ್ಮ ಕಡೆಯವರಿಗೆ ಶಾಸಕರ ಲೆಟರ್‌ಹೆಡ್ ನೆನಪಾಗುತ್ತದೆ. ‘ನಮ್ಮ ಹುಡುಗ, ಸ್ವಲ್ಪ ನೋಡ್ಕೊಳ್ಳಿ’ ಎಂಬ ಫೋನು ನೆನಪಾಗುತ್ತದೆ. ಅಮೆರಿಕದಲ್ಲಿರುವ ನಾನು, ನನ್ನ ಮಗಳು ಸಂಶೋಧನೆ ಮಾಡುವವರಿಗೆ ಹಣ ಕೊಡುವ ಫೆಲೋಶಿಪ್ಪಿಗೆ ಅರ್ಜಿ ಹಾಕುತ್ತಿದ್ದಾಳೆ, ಮೂರು ಶಿಫಾರಸು ಪತ್ರ ಬೇಕು ಅಂತ ಹೇಳಿದಾಗ ತುಮಕೂರಿನಲ್ಲಿರುವ ನಮ್ಮಕ್ಕ ಬೇಜಾರು ಮಾಡಿಕೊಂಡಳು. “ಅಲ್ಲೂ ಇದೇನಾ?” ಅಂದಳು. ಅವಳಿಗೆ ವಿವರಿಸಿ ಹೇಳಲು ಹೊರಟ ಮಾತೇ ಇಲ್ಲಿ ಸ್ವಲ್ಪ ಉದ್ದವಾಗಿದೆ.

ನಾನು ಪಿಟ್ಸ್‌ಬರ್ಗ್‌ಗೆ ಬಂದು 27 ವರ್ಷ ಆಯ್ತು. ಮಗಳು ಹುಟ್ಟಿದ್ದು ಇಲ್ಲೇ. ಕೆಮಿಕಲ್ ಎಂಜಿನಿಯರಿಂಗ್ ಓದುತ್ತಿದ್ದಾಳೆ. ಅವಳು ಅರ್ಜಿ ಹಾಕಿದ್ದು ವಿಜ್ಞಾನ ಸಂಶೋಧನೆಗೆ ಹಣ ಕೊಡುವ ಇಲ್ಲಿನ ಸರ್ಕಾರಿ ಸಂಸ್ಥೆ ನ್ಯಾಷನಲ್ ಸೈನ್ಸ್ ಫೌಂಡೇಶನ್ನಿನ ಗ್ರಾಜುಯೇಟ್ ಫೆಲೋಶಿಪ್ಪಿಗೆ. 1952ರಿಂದ ನಡೆದುಬಂದಿರುವ ಯೋಜನೆ ಇದು. ಮೂರು ವರ್ಷ, ವರ್ಷಕ್ಕೆ 37,000 ಡಾಲರ್ ಸಿಗುತ್ತದೆ. ಪರೀಕ್ಷೆ ಇಲ್ಲ, ರ‍್ಯಾಂಕ್ ಇಲ್ಲ. ತನ್ನ ಬಗ್ಗೆ ಮೂರು ಪುಟ, ಮಾಡಬೇಕೆಂದಿರುವ ಸಂಶೋಧನೆಯ ಬಗ್ಗೆ ಎರಡು ಪುಟ ಬರೆಯಬೇಕು. ಜೊತೆಗೆ ಅಂಕಪಟ್ಟಿ, ಪತ್ರಗಳು. ಓದುವವರು ಎರಡು ವಿಷಯ ನೋಡುತ್ತಾರೆ. ಈ ಕೆಲಸದಿಂದ ಹೊಸ ತಿಳಿವಳಿಕೆ ಬರುತ್ತದಾ? ಜನಕ್ಕೆ ಏನು ಉಪಯೋಗ?

ಆ ಎರಡು ಪುಟಕ್ಕೆ ಅವಳು ಎರಡು ತಿಂಗಳು ಒದ್ದಾಡಿದಳು. ನಮ್ಮಮ್ಮನ ಊರು ಪಾವಗಡದ ಹತ್ತಿರ. ಅಲ್ಲಿನ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಊರಿನ ಶುದ್ಧ ನೀರಿನ ಘಟಕದಲ್ಲಿ ಕ್ಯಾನ್ ಹಿಡಿದು ನಿಂತಾಗ ಅವಳ ಕಣ್ಣಿಗೆ ಬಿದ್ದದ್ದು ಹಿಂದಿನ ಪೈಪು. ಆರ್‌ಒ ಯಂತ್ರ ಶುದ್ಧ ನೀರು ಕೊಡುವಾಗ ಒಂದಷ್ಟು ಉಪ್ಪುನೀರನ್ನು ಆಚೆ ಬಿಡುತ್ತದೆ. ನೀರೇ ಇಲ್ಲದ ಊರಿನಲ್ಲಿ ಅದು ಮೋರಿಗೆ ಹೋಗುತ್ತಿತ್ತು. ಅದನ್ನು ಕಡಿಮೆ ಮಾಡುವ ಬಗೆ ಹೇಗೆ ಎಂಬುದೇ ಅವಳ ವಿಷಯ. ಮೊದಲ ಕರಡಿನಲ್ಲಿ ಬರೀ ದೊಡ್ಡ ಮಾತು ತುಂಬಿತ್ತು. ಅವಳ ಪ್ರೊಫೆಸರ್ ಓದಿ, “ಮೊದಲ ಆರು ತಿಂಗಳು ಟೇಬಲ್ ಮೇಲೆ ಏನಿಡುತ್ತೀಯ, ಏನನ್ನು ಅಳೆಯುತ್ತೀಯ, ಅದನ್ನು ಬರಿ” ಅಂದರಂತೆ. ಅಲ್ಲಿಂದ ಬರಹ ದಾರಿಗೆ ಬಂತು.

ನಾನು ಬೆಳೆದ ದಾರಿ ಬೇರೆ. ನಮಗೆ ಎಂ.ಟೆಕ್ ಸೀಟಿಗೆ ಬರೆಯುವ ಗೇಟ್ ಪರೀಕ್ಷೆ ಅಂದರೆ ಗೇಟೇ ಸರಿ, ಅದು ತೆರೆದರೆ ಒಳಗೆ. ಈಗ ಅದು ಮೂರು ಗಂಟೆ, 65 ಪ್ರಶ್ನೆ, 100 ಅಂಕ. ನೀನು ಯಾರ ಮಗ, ಯಾವ ಕಾಲೇಜು ಅಂತ ಆ ಪ್ರಶ್ನೆಪತ್ರಿಕೆ ಕೇಳುವುದಿಲ್ಲ. ಇದನ್ನು ನಾನು ಹಗುರವಾಗಿ ನೋಡಲಾರೆ. ಅಪ್ಪ ಅಮ್ಮ ಓದದ ಮನೆಯಿಂದ ಬಂದ ನನ್ನಂಥವರಿಗೆ ಅದು ದೊಡ್ಡ ನ್ಯಾಯ. ಇಲ್ಲಿನ ಫೆಲೋಶಿಪ್ಪುಗಳು ಹೆಸರಾಂತ ಕೆಲವೇ ವಿಶ್ವವಿದ್ಯಾಲಯಗಳ ಮಕ್ಕಳಿಗೆ ಹೆಚ್ಚು ಹೋಗುತ್ತವೆ ಎಂಬ ದೂರು ಇಲ್ಲಿಯವರದ್ದೇ ಇದೆ. ಒಳ್ಳೆಯ ಲ್ಯಾಬ್ ಇರುವ ಕಡೆ ಓದಿದವರಿಗೆ ಒಳ್ಳೆಯ ಪತ್ರ ಸಿಗುವುದು ಸುಲಭ ಅಲ್ವಾ?

ಆದರೆ ಪತ್ರದ ವಿಷಯದಲ್ಲಿ ನಾವು ಮಕ್ಕಳಿಗೆ ಅನ್ಯಾಯ ಮಾಡುತ್ತಿದ್ದೇವೆ. 1997ರಲ್ಲಿ ನಾನು ಅಮೆರಿಕಕ್ಕೆ ಅರ್ಜಿ ಹಾಕುವಾಗ ಇಬ್ಬರು ಮೇಷ್ಟ್ರು “ನೀನೇ ಬರ್ಕೊಂಡು ಬಾ, ಸೈನ್ ಹಾಕ್ತೀನಿ” ಅಂದರು. ಎರಡನ್ನೂ ಒಂದೇ ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದೆ. ಎರಡರಲ್ಲೂ ‘ಪರಿಶ್ರಮಿ, ಪ್ರಾಮಾಣಿಕ, ಬುದ್ಧಿವಂತ’. ಮೂರನೆಯವರು ಮಾತ್ರ ನನ್ನನ್ನು ಕೂರಿಸಿಕೊಂಡು ಅರ್ಧ ಗಂಟೆ ಮಾತಾಡಿದರು, ಆಮೇಲೆ ತಾವೇ ಬರೆದರು. ಲ್ಯಾಬಿನಲ್ಲಿ ಲೋಹ ಎಳೆದು ಪರೀಕ್ಷಿಸುವ ಯಂತ್ರ ಕೆಟ್ಟಾಗ ನಾನು ಮೂರು ದಿನ ಬಿಚ್ಚಿ ನೋಡಿ ಸರಿಮಾಡಿದ್ದೆ. ಮೊದಲ ದಿನ ತಪ್ಪು ಜಾಗದಲ್ಲಿ ಹುಡುಕಿದ್ದನ್ನೂ ಅವರು ಬರೆದಿದ್ದರು. ಇಲ್ಲಿ ನನ್ನನ್ನು ಸೇರಿಸಿಕೊಂಡ ಗೈಡ್ ವರ್ಷಗಳ ನಂತರ ಹೇಳಿದರು, ಅವರ ಮನಸ್ಸಿನಲ್ಲಿ ಉಳಿದಿದ್ದು ಆ ಯಂತ್ರದ ಪತ್ರ ಒಂದೇ ಅಂತ.

ಅಕ್ಕನಿಗೆ ಹೇಳಿದ್ದು ಇದನ್ನೇ. ಅದಕ್ಕೆ ನಾವು ಶಿಫಾರಸು ಅಂತ ಹೆಸರಿಟ್ಟಿದ್ದೇ ತಪ್ಪು. ಕೋರ್ಟಿನಲ್ಲಿ ಸಾಕ್ಷಿ ಹೇಳುತ್ತಾರಲ್ಲ, ‘ನಾನು ಕಣ್ಣಾರೆ ಕಂಡೆ’ ಅಂತ, ಇದು ಆ ಜಾತಿಯದು. ಮಗಳ ಅರ್ಜಿಯಲ್ಲಿ ಪತ್ರ ಬರೆದವರು ನೇರವಾಗಿ ಕಳಿಸಿದರು. ಏನು ಬರೆದಿದ್ದಾರೆ ಅಂತ ಅವಳಿಗೆ ಗೊತ್ತಿಲ್ಲ.

ನಮ್ಮ ಮೇಷ್ಟ್ರುಗಳನ್ನು ಬೈದರೆ ಆಗುವುದಿಲ್ಲ. ಒಂದು ಸೆಕ್ಷನ್ನಿಗೆ ಅರವತ್ತು ಮಕ್ಕಳು. ಪತ್ರ ಬರೆಯುವಷ್ಟು ಒಬ್ಬೊಬ್ಬರನ್ನು ನೋಡಲು ಪುರುಸೊತ್ತು ಎಲ್ಲಿ? ಆದರೂ ಪ್ರಾಜೆಕ್ಟ್ ಮಾಡಿಸಿದ ಐದಾರು ಮಕ್ಕಳ ಬಗ್ಗೆಯಾದರೂ ತಾವೇ ಬರೆಯಬಹುದು ಎಂದು ನಾನು ನಂಬುತ್ತೇನೆ.

ಒಂದು ಮಾತು ಊರಿನ ಮಕ್ಕಳಿಗೆ. ಮಗಳು ಹಾಕಿದ ಫೆಲೋಶಿಪ್ ಇಲ್ಲಿನ ಪ್ರಜೆಗಳಿಗೆ, ಗ್ರೀನ್ ಕಾರ್ಡ್ ಇರುವವರಿಗೆ ಮಾತ್ರ. ಬಾಡಿಗೆ ಕಾರಿನ ಕಂಪನಿಯ ಹರ್ಟ್ಜ್ ಅವರ ಹೆಸರಿನ ಫೆಲೋಶಿಪ್ಪೂ ಹಾಗೆಯೇ. ಅದನ್ನು ಹಾಕೋಣ ಅಂತ ದಿನ ಕಳೆಯಬೇಡಿ. ಹೊರಗಿನಿಂದ ಬಂದವರ ಪಿಎಚ್‌ಡಿ ಖರ್ಚು ಸಾಮಾನ್ಯವಾಗಿ ನಡೆಯುವುದು ಗೈಡ್ ಪ್ರಾಜೆಕ್ಟಿನ ಹಣದಿಂದ ಅಥವಾ ಟೀಚಿಂಗ್ ಅಸಿಸ್ಟೆಂಟ್ ಕೆಲಸದಿಂದ. ಅದಕ್ಕೂ ಪತ್ರ ಬೇಕೇ ಬೇಕು. ಊರಿನಲ್ಲೇ ಇದ್ದರೂ ದಾರಿ ಇದೆ. 2023ರ ಜನವರಿಯಿಂದ ಜೆಆರ್‌ಎಫ್ (ಜೂನಿಯರ್ ರೀಸರ್ಚ್ ಫೆಲೋಶಿಪ್) ತಿಂಗಳಿಗೆ 37,000 ರೂಪಾಯಿ ಆಗಿದೆ. 2018ರಲ್ಲಿ ಬಂದ ಪ್ರಧಾನಮಂತ್ರಿ ರೀಸರ್ಚ್ ಫೆಲೋಶಿಪ್ ತಿಂಗಳಿಗೆ 70,000 ರೂಪಾಯಿಯಿಂದ ಶುರುವಾಯಿತು.

ಅಕ್ಕನ ಮಗ ಈಗ ಏಳನೇ ಸೆಮಿಸ್ಟರ್. ಗೇಟ್‌ಗೂ ಓದುತ್ತಿದ್ದಾನೆ, ಹೊರಗೂ ಅರ್ಜಿ ಹಾಕಬೇಕು ಅಂತಾನೆ. “ಮಾವ, ಲೆಟರ್‌ಗೆ ಒಂದು ಸ್ಯಾಂಪಲ್ ಕಳ್ಸಿ” ಅಂದ. ಕಳಿಸಲಿಲ್ಲ. ನಿನ್ನ ಕೆಲಸವನ್ನು ಹತ್ತಿರದಿಂದ ನೋಡಿದವರು ಯಾರು ಅಂತ ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, ಪಂಪ್ ಟೆಸ್ಟಿಂಗ್ ಪ್ರಾಜೆಕ್ಟಿನ ಮೇಡಂ ಹೆಸರು ಹೇಳಿದ. ಒಂದು ತಿಂಗಳು ಮುಂಚೆಯೇ ಹೋಗು, ರೀಡಿಂಗ್ಸ್ ಬರೆದ ಪುಸ್ತಕವನ್ನೂ ತಗೊಂಡು ಹೋಗು ಅಂದೆ. ಹೋಗಿದ್ದಾನೆ. ಮೇಡಂ ಪುಸ್ತಕ ಇಟ್ಟುಕೊಂಡು ಸೋಮವಾರ ಬಾ ಅಂದಿದ್ದಾರಂತೆ.