ಪಂಕ್ತಿಯಿಂದ ಎದ್ದುಹೋದ ನಾಲ್ವರು

ಹುಳುಕು ಹಲ್ಲು ಕೀಳಿಸಿಕೊಂಡು ಬಂದವರಿಗೆ ಮನೆಯಲ್ಲಿ ಗಂಜಿಯೂ ಸಿಗುತ್ತದೆ, ಅನುಕಂಪವೂ ಸಿಗುತ್ತದೆ. ಕ್ಲಿಪ್ ಹಾಕಿಸಲೆಂದು ಹೋಗಿ, ಹುಳುಕಿಲ್ಲದ, ಅಲ್ಲಾಡದ, ಯಾರ ತಂಟೆಗೂ ಹೋಗದ ನಾಲ್ಕು ಹಲ್ಲುಗಳನ್ನು ದುಡ್ಡು ಕೊಟ್ಟು ಕೀಳಿಸಿಕೊಂಡು ಬಂದವರಿಗೆ ಸಿಗುವುದು ವಿಚಾರಣೆ. "ನೆಟ್ಟಗಿದ್ದುದನ್ನ ಕಿತ್ತು ಸೊಟ್ಟಗಿರೋದನ್ನ ಉಳಿಸ್ಕೊಂಡು ಬಂದ್ಯೇನೇ?" ಎಂದು ಅಜ್ಜಿ ಕೇಳುತ್ತಾರೆ. 13 ವರ್ಷದ ಮೊಮ್ಮಗಳು ಉತ್ತರ ಕೊಡುವಂತಿಲ್ಲ. ಬಾಯಲ್ಲಿ ಹತ್ತಿ ಕಚ್ಚಿಕೊಂಡಿರುತ್ತಾಳೆ.

ಅಜ್ಜಿ ಕೇಳಿದ್ದು ತಪ್ಪಲ್ಲ. ಆದರೆ ದಂತಪಂಕ್ತಿ ಎಂಬ ಮಾತನ್ನು ಊಟದ ಪಂಕ್ತಿ ಎಂದೇ ಓದಿಕೊಂಡರೆ ಒಳಗಿನ ರಾಜಕೀಯ ತಿಳಿಯುತ್ತದೆ. ಮೇಲಿನ ಸಾಲಿನಲ್ಲಿ ಕೋರೆಹಲ್ಲಿನ ಹಿಂದಿರುವ ಚಿಕ್ಕ ದವಡೆಹಲ್ಲು, ಅಂದರೆ ಮೊದಲ ಪ್ರೀಮೋಲಾರ್, 10–11ನೇ ವಯಸ್ಸಿಗೇ ಬಂದು ಎಲೆಯ ಮುಂದೆ ಕೂತಿರುತ್ತದೆ. ಕೋರೆಹಲ್ಲು ಬರುವುದು 11–12ಕ್ಕೆ. ಬಂದು ನೋಡಿದರೆ ಎಲೆಯೇ ಇಲ್ಲ. ವಸಡಿನ ಮೇಲ್ಗಡೆ, ಅಟ್ಟದಿಂದ ಇಣುಕುವ ಬೆಕ್ಕಿನ ಹಾಗೆ ನಿಂತುಬಿಡುತ್ತದೆ. ನ್ಯಾಯವಾಗಿ ತಡವಾಗಿ ಬಂದವರನ್ನು ವಾಪಸ್ ಕಳಿಸಬೇಕು. ಆದರೆ ಕೋರೆಹಲ್ಲಿನದು ದೊಡ್ಡ ಮನೆತನ: ಬಾಯಲ್ಲೆಲ್ಲ ಉದ್ದವಾದ ಬೇರು ಅದರದು, ತುಟಿಯ ಮೂಲೆಗೆ ಮೂಲೆಗಂಬವೂ ಅದೇ. ಪ್ರೀಮೋಲಾರಿಗಾದರೋ ಅದೇ ಕೆಲಸ ಮಾಡುವ ತಮ್ಮ ಹಿಂದೆಯೇ ಕೂತಿದ್ದಾನೆ. ಹಾಗಾಗಿ, ಹೊತ್ತಿಗೆ ಸರಿಯಾಗಿ ಬಂದವನನ್ನೇ "ಸ್ವಲ್ಪ ಏಳ್ತೀರಾ" ಅನ್ನುವುದು.

ಒಬ್ಬ ಎದ್ದರೆ ಸಿಗುವುದು ಸುಮಾರು 7 ಮಿಲಿಮೀಟರ್ ಜಾಗ. ಸಾಲಿಗಿಬ್ಬರಂತೆ 14. ಇಕ್ಕಟ್ಟು ಎರಡು ಮೂರು ಮಿಲಿಮೀಟರಿನದಾದರೆ ಇಷ್ಟೆಲ್ಲ ಬೇಕಿಲ್ಲ. ಹಲ್ಲುಗಳ ಪಕ್ಕಗಳನ್ನು ಕೂದಲೆಳೆಯಷ್ಟು ಉಜ್ಜಿ ಜಾಗ ಮಾಡಬಹುದು. ಇಕ್ಕಟ್ಟು ಜಾಸ್ತಿಯಿದ್ದರೆ, ಇಲ್ಲವೇ ತುಟಿ ಮುಚ್ಚಲಾಗದಷ್ಟು ಉಬ್ಬುಹಲ್ಲಿದ್ದರೆ, ಆಗ ಪ್ರೀಮೋಲಾರಿನ ಸರದಿ. ಕೀಳಬೇಕೇ ಬೇಡವೇ ಎಂಬ ಜಗಳವೂ ಅಜ್ಜಿಯಿಂದ ಶುರುವಾದದ್ದಲ್ಲ. ಅಮೆರಿಕದ ದಂತವೈದ್ಯ ಎಡ್ವರ್ಡ್ ಆಂಗಲ್ ಒಂದು ಹಲ್ಲನ್ನೂ ಕೀಳಕೂಡದೆಂದು ಹಟ ಹಿಡಿದಿದ್ದರು. ಅವರ ಶಿಷ್ಯ ಚಾರ್ಲ್ಸ್ ಟ್ವೀಡ್ ಕೆಲವು ವರ್ಷ ಹಾಗೆಯೇ ನಡೆದುಕೊಂಡು, ಸರಿಮಾಡಿದ ಹಲ್ಲುಗಳು ಮತ್ತೆ ಸೊಟ್ಟಗಾಗುವುದನ್ನು ಕಂಡು, ಅದೇ ರೋಗಿಗಳನ್ನು ಕರೆಸಿ ನಾಲ್ಕು ಪ್ರೀಮೋಲಾರ್ ತೆಗೆಸಿ ಚಿಕಿತ್ಸೆಯನ್ನು ಮತ್ತೊಮ್ಮೆ ಮಾಡಿದರು. ಗುರುವಿಗೇ ತಿರುಮಂತ್ರ.

ಎಕ್ಸ್‌ರೇ, ಅಚ್ಚು ಎಲ್ಲ ಮುಗಿದ ಮೇಲೆ ಕ್ಲಿಪ್ಪಿನ ಡಾಕ್ಟರು ಒಂದು ಚೀಟಿ ಬರೆಯುತ್ತಾರೆ: 14, 24, 34, 44. ಎಷ್ಟೋ ಕಡೆ ಕೀಳುವವರು ಬೇರೆ ಡಾಕ್ಟರು, ಅವರಿಗೆ ಈ ಚೀಟಿಯೇ ಆಜ್ಞೆ. 14 ಅಂದರೆ ಹದಿನಾಲ್ಕನೇ ಹಲ್ಲಲ್ಲ. ಮೊದಲ ಅಂಕಿ ಬಾಯಿಯ ಕಾಲುಭಾಗದ್ದು, ಎರಡನೆಯದು ನಡುವಿನಿಂದ ಎಣಿಸಿದ ಸ್ಥಾನ. ಅಮೆರಿಕದಲ್ಲಿ ಲೆಕ್ಕವೇ ಬೇರೆ, 1ರಿಂದ 32ರವರೆಗೆ ಸೀದಾ ಎಣಿಸುತ್ತಾರೆ. ಇದೇ ನಾಲ್ಕು ಹಲ್ಲು ಅಲ್ಲಿ 5, 12, 21, 28. ಖರ್ಚು ಕಡಿಮೆಯಾಗಲೆಂದು ಬೇಸಿಗೆ ರಜೆಗೆ ಆ ಚೀಟಿ ಹಿಡಿದು ಬೆಂಗಳೂರಿಗೆ ಬಂದಿಳಿಯುವವರು ಗಮನಿಸಬೇಕು: ನಮ್ಮ ಲೆಕ್ಕದಲ್ಲಿ 21 ಅಂದರೆ ಎದುರಿನ ದೊಡ್ಡ ಹಲ್ಲು! ಎಕ್ಸ್‌ರೇ ನೋಡಿದ ಯಾವ ಡಾಕ್ಟರೂ ಅದಕ್ಕೆ ಕೈಹಾಕುವುದಿಲ್ಲ, ನಿಜ. ಆದರೂ ಹಲ್ಲಿನ ಹೆಸರನ್ನು ಅಕ್ಷರದಲ್ಲೂ ಬರೆಸಿಕೊಂಡು ಬಂದರೆ ಎಲ್ಲರಿಗೂ ನಿದ್ದೆ ಬರುತ್ತದೆ. ಎಣಿಕೆ ತಪ್ಪುವ ಇನ್ನೊಂದು ಸಂದರ್ಭವೆಂದರೆ ಹಾಲುಹಲ್ಲು ಬೀಳದೆ ಉಳಿದಿರುವುದು, ಅಥವಾ ಹುಟ್ಟಿನಿಂದಲೇ ಒಂದು ಹಲ್ಲು ಇಲ್ಲದಿರುವುದು. ಆಗ ನಾಲ್ಕನೆಯದು ಐದನೆಯದರಂತೆಯೋ, ಐದನೆಯದು ನಾಲ್ಕನೆಯದರಂತೆಯೋ ಕಾಣುತ್ತದೆ. ಸೂಜಿ ಚುಚ್ಚುವ ಮೊದಲು ಕನ್ನಡಿ ಹಿಡಿದು "ಯಾವುದು, ಮುಟ್ಟಿ ತೋರಿಸಿ" ಅನ್ನುವುದಕ್ಕೆ ಸಂಕೋಚ ಬೇಡ.

ಈ ಹೊತ್ತಿಗೆ ಚಿಕ್ಕಪ್ಪನೋ ಸೋದರತ್ತೆಯೋ ಫೋನ್ ಮಾಡಿರುತ್ತಾರೆ: ಮೇಲಿನ ಹಲ್ಲು ಕಿತ್ತರೆ ಕಣ್ಣಿನ ನರ ಹೋಗುತ್ತಂತೆ. ನೋಟದ ನರವೇ ಬೇರೆ, ಮೇಲ್ದವಡೆಯ ಹಲ್ಲುಗಳಿಗೆ ಹೋಗುವ ನರವೇ ಬೇರೆ, ಎರಡಕ್ಕೂ ಕೊಡು-ಕೊಳ್ಳುವಿಕೆಯಿಲ್ಲ. ಇದನ್ನು ಫೋನಿನಲ್ಲಿ ವಿವರಿಸಿ ಪ್ರಯೋಜನವಿಲ್ಲ.

ಸಾಮಾನ್ಯವಾಗಿ ಒಂದು ದಿನಕ್ಕೆ ಒಂದೇ ಪಕ್ಕದ ಎರಡು, ವಾರ ಬಿಟ್ಟು ಇನ್ನೊಂದು ಪಕ್ಕದ ಎರಡು. ಊಟಕ್ಕೆ ಒಂದು ಕಡೆಯಾದರೂ ಇರಲಿ ಎಂದು. ಕೆಳಗಿನ ಹಲ್ಲಿಗೆ ದವಡೆಯ ಹಿಂದುಗಡೆ ಒಂದು ಇಂಜೆಕ್ಷನ್ ಕೊಟ್ಟರೆ ಅರ್ಧ ತುಟಿಯೂ ಅರ್ಧ ನಾಲಿಗೆಯೂ ಮರಗಟ್ಟುತ್ತವೆ. ಮೇಲಿನದಕ್ಕೆ ಕೆನ್ನೆಯ ಕಡೆ ಒಂದು, ಅಂಗುಳಿಗೆ ಒಂದು. ನಿಜವಾಗಿ ಕಣ್ಣಲ್ಲಿ ನೀರು ತರಿಸುವುದು ಈ ಅಂಗುಳಿನದೇ. ಅಲ್ಲಿ ಚರ್ಮ ಮೂಳೆಗೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ ಔಷಧಿ ಹರಡಲು ಎಡೆಯಿಲ್ಲ. ಅದಾದ ಮೇಲೆ ನೋವಿಲ್ಲ, ಆದರೆ ಒತ್ತಡ ಗೊತ್ತಾಗುತ್ತದೆ, ಸದ್ದೂ ಕೇಳುತ್ತದೆ. ಮೂಳೆಯ ಮೂಲಕ ಕಿವಿಗೆ ಹೋಗುವ ಆ ಕಟಕಟ, ಹಳೇ ಬಾಗಿಲಿನ ಮೊಳೆ ಕೀಳುವಾಗಿನ ಸದ್ದಿಗೆ ಹತ್ತಿರ. ಕೆಳಗಿನ ಪ್ರೀಮೋಲಾರಿಗೆ ಸಾಮಾನ್ಯವಾಗಿ ಒಂದೇ ಬೇರು, ತಿರುಗಿಸಿದರೆ ಬರುತ್ತದೆ. ಮೇಲಿನದಕ್ಕೆ ಹೆಚ್ಚಾಗಿ ಎರಡು, ನುಗ್ಗೆಕಡ್ಡಿಯಷ್ಟು ನಾಜೂಕು. ತಿರುಗಿಸಿದರೆ ತುದಿ ಮುರಿಯುತ್ತದೆ. ಅದಕ್ಕೇ ಡಾಕ್ಟರು ಅದನ್ನು ಕೆನ್ನೆಯ ಕಡೆಗೊಮ್ಮೆ, ಅಂಗುಳಿನ ಕಡೆಗೊಮ್ಮೆ ನಿಧಾನಕ್ಕೆ ಅಲ್ಲಾಡಿಸುತ್ತ ಕೂರುವುದು. ಅವರಿಗೆ ಕೈಲಾಗುತ್ತಿಲ್ಲ ಎಂದುಕೊಂಡು ಹೆದರಬೇಡಿ.

ಎಡವಟ್ಟುಗಳೆಲ್ಲ ಆಗುವುದು ಕುರ್ಚಿಯಿಂದ ಇಳಿದ ಮೇಲೆ. ಹತ್ತಿಯನ್ನು 30ರಿಂದ 45 ನಿಮಿಷ ಒಂದೇ ಸಮ ಕಚ್ಚಿ ಹಿಡಿಯಬೇಕು. ಐದೈದು ನಿಮಿಷಕ್ಕೆ ತೆಗೆದು ನೋಡಿದರೆ ಹೆಪ್ಪುಗಟ್ಟುತ್ತಿರುವ ರಕ್ತ ಅದರ ಜೊತೆಗೇ ಕಿತ್ತುಬರುತ್ತದೆ. ಒಂದು ತೊಟ್ಟು ರಕ್ತ ಬಾಯಿತುಂಬ ಎಂಜಲನ್ನು ಕೆಂಪಾಗಿಸುತ್ತದೆ, ಮನೆಯವರು ಅದನ್ನು ನೋಡಿ ಲೀಟರಿನ ಲೆಕ್ಕ ಹಾಕುತ್ತಾರೆ. ಮೊದಲ ದಿನ ಉಗುಳಕೂಡದು, ಬಾಯಿ ಮುಕ್ಕಳಿಸಕೂಡದು, ಏನನ್ನೂ ಹೀರಕೂಡದು. ಹೀಗಿರುವಾಗ ತಂಪಾಗಲೆಂದು ಪ್ರೀತಿಯಿಂದ ಎಳನೀರು ತರುತ್ತಾರೆ, ಸ್ಟ್ರಾ ಸಮೇತ. ಹೀರಿದಾಗ ಹೆಪ್ಪು ಗುಳಿಯಿಂದ ಎದ್ದುಬಂದರೆ ಕೆಳಗಿನ ಮೂಳೆ ತೆರೆದುಕೊಂಡು, ಮೂರನೇ ದಿನ ಕಿವಿಯವರೆಗೆ ನೋವು ಹತ್ತಬಹುದು. ಲೋಟಕ್ಕೆ ಸುರಿದು ಕುಡಿಯಿರಿ, ಅಷ್ಟೇ. 24 ಗಂಟೆ ಕಳೆದ ಮೇಲೆ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಮೆಲ್ಲಗೆ ಮುಕ್ಕಳಿಸಬಹುದು. ಗುಳಿಗೆ ಅರಿಸಿನ ತುಂಬುವ ಸಲಹೆ ಬಂದೇ ಬರುತ್ತದೆ. ಅರಿಸಿನ ಅಡುಗೆಮನೆಯಲ್ಲೇ ಇರಲಿ.

ಮರಗಟ್ಟಿದ ತುಟಿ ಎರಡರಿಂದ ನಾಲ್ಕು ಗಂಟೆ ತನ್ನದಲ್ಲ. ಮಕ್ಕಳು ಅದನ್ನು ಬಬಲ್‌ಗಮ್ಮಿನಂತೆ ಜಗಿದು, ಸಂಜೆಗೆ ಬದನೆಕಾಯಿಯಾಗಿಸಿಕೊಳ್ಳುತ್ತಾರೆ. ಹಲ್ಲಿನ ಗಾಯಕ್ಕಿಂತ ಅದೇ ಹೆಚ್ಚು ದಿನ ಕಾಡುತ್ತದೆ. ಬರೆದುಕೊಟ್ಟ ನೋವಿನ ಮಾತ್ರೆಯನ್ನು ಮರಗಟ್ಟು ಇಳಿಯುವ ಮುಂಚೆಯೇ ನುಂಗಬೇಕು. "ನೋವೇ ಇಲ್ವಲ್ಲ, ಯಾಕೆ" ಅಂದವರು ರಾತ್ರಿ ಎಂಟಕ್ಕೆ ಮೆಡಿಕಲ್ ಸ್ಟೋರ್ ಹುಡುಕುತ್ತಾರೆ. ಊಟದ ವಿಷಯದಲ್ಲಿ ಮಾತ್ರ ಹಳೇ ಮೈಸೂರಿನವರು ಪುಣ್ಯವಂತರು. ಬೇರೆಯವರು ಇಡ್ಲಿಯನ್ನು ಹಾಲಲ್ಲಿ ನೆನೆಸುವಾಗ, ಇವರು ಹುಟ್ಟಿದಾಗಿನಿಂದ ಅಗಿಯದೆ ನುಂಗುವುದನ್ನೇ ಅಭ್ಯಾಸ ಮಾಡಿದ್ದಾರೆ. ಮುದ್ದೆ ಆರಿರಬೇಕು, ಸಾರಿಗೆ ಖಾರ ಬೇಡ ಎಂಬೆರಡು ಷರತ್ತು. ಆರಿದ ಮುದ್ದೆ, ಸಪ್ಪೆ ಸಾರು ಅಂದರೆ ಶಿಕ್ಷೆ ಯಾವುದೆಂದು ಮಂಡ್ಯದವರನ್ನು ಕೇಳಿ.

ಕಿತ್ತ ಹಲ್ಲುಗಳ ಕಥೆ ಅಷ್ಟು ದುಃಖದ್ದಲ್ಲ. ಹಾಲುಹಲ್ಲಾದರೆ ಸಗಣಿಯಲ್ಲಿ ಸುತ್ತಿ ಮಾಡಿನ ಮೇಲೆ ಎಸೆಯಬಹುದಿತ್ತು. ಇದಕ್ಕೆ ಬದಲಿ ಹುಟ್ಟುವುದಿಲ್ಲ. ಆದರೆ ಹುಳುಕಿಲ್ಲದ ಪ್ರೀಮೋಲಾರ್ ಅಂದರೆ ದಂತವೈದ್ಯ ವಿದ್ಯಾರ್ಥಿಗಳಿಗೆ ಬಂಗಾರ. ಕೊರೆಯುವುದನ್ನು ಕಲಿಯಲು, ಹೊಸ ಅಂಟಿನ ಬಲ ಪರೀಕ್ಷಿಸಲು ಬೇಕಾಗುವ ಹಲ್ಲುಗಳಲ್ಲಿ ದೊಡ್ಡ ಪಾಲು ಹೀಗೆ ಕ್ಲಿಪ್ಪಿಗಾಗಿ ಕಿತ್ತದ್ದೇ. ಬಾಯಲ್ಲಿ ಜಾಗ ಸಿಗದವರಿಗೆ ನೀಟ್ ಬರೆಯದೆ ಡೆಂಟಲ್ ಕಾಲೇಜಿನಲ್ಲಿ ಸೀಟು.

ಬಾಯಲ್ಲಿ ಉಳಿದ ಖಾಲಿ ಜಾಗ ತುಂಬುವುದು ಸರ್ಕಾರಿ ವೇಗದಲ್ಲಿ, ತಿಂಗಳಿಗೆ ಸುಮಾರು 1 ಮಿಲಿಮೀಟರ್. ಕಮಾನಿನಂಥ ತಂತಿಯ ಮೇಲೆ ರಬ್ಬರ್ ಸರಪಳಿ ಬಿಗಿದು ಮುಂದಿನ ಹಲ್ಲುಗಳನ್ನು ಹಿಂದಕ್ಕೆ ಎಳೆಯುತ್ತಾರೆ. ಎಳೆಯಲು ಆಸರೆ ಹಿಂದಿನ ದವಡೆಹಲ್ಲುಗಳು. ಅವೂ ಬಿಟ್ಟ ಜಾಗ ಕಂಡು ಮುಂದಕ್ಕೆ ಜರುಗುತ್ತವೆ. ಪಂಕ್ತಿಯಲ್ಲಿ ಎಲೆ ಖಾಲಿಯಾದರೆ ಎರಡೂ ಪಕ್ಕದವರು ಸರಿಯುವುದು ಸಹಜ ತಾನೇ. ಸರಿಯಕೂಡದು ಎಂದಿದ್ದರೆ ಮೂಳೆಗೆ ಪುಟ್ಟ ಸ್ಕ್ರೂ ಹಾಕಿ ಅದರಿಂದ ಎಳೆಯುತ್ತಾರೆ. ಪಾರದರ್ಶಕ ರಬ್ಬರ್ ಕೇಳಿ ಹಾಕಿಸಿಕೊಂಡವರಿಗೆ ಒಂದೇ ಹುಳಿಯನ್ನದಲ್ಲಿ ಅದು ಅರಿಸಿನದ ಬಣ್ಣಕ್ಕೆ ತಿರುಗುತ್ತದೆ. ಬೂದು ಬಣ್ಣದ್ದೇ ಜಾಣತನ. ಚಕ್ಕುಲಿ, ನಿಪ್ಪಟ್ಟು, ಕಬ್ಬು ವರ್ಷ ಎರಡು ವರ್ಷ ಬಂದ್. ಹಲ್ಲೂ ಇದೆ, ಕಡಲೆಯೂ ಇದೆ, ತಿನ್ನುವ ಹಾಗಿಲ್ಲ ಎಂಬ ಮೂರನೇ ಸ್ಥಿತಿ ಗಾದೆ ಮಾಡಿದವರಿಗೆ ಹೊಳೆದಿರಲಿಲ್ಲ.

ಕ್ಲಿಪ್ ಬಿಚ್ಚಿದ ಮೇಲೆ ಹಲ್ಲು ವಾಪಸ್ ಹೋಗದಿರಲು, ಹಲ್ಲಿಗೆ ತೊಡಿಸುವ ಪ್ಲಾಸ್ಟಿಕ್ಕಿನ ರಿಟೇನರ್ ಕೊಡುತ್ತಾರೆ. ಊಟಕ್ಕೆ ಅದನ್ನು ತೆಗೆದಿಡಬೇಕು. ಮದುವೆಮನೆಯಲ್ಲಿ ಎಲ್ಲಿ ಇಡುವುದು? ಬಾಳೆಲೆಯ ತುದಿಯಲ್ಲಿ, ಉಪ್ಪಿನಕಾಯಿಯ ಪಕ್ಕ. ಮಜ್ಜಿಗೆ ಮುಗಿಯುತ್ತದೆ, ಎಲೆ ಮಡಿಚುತ್ತಾರೆ, ಎತ್ತುವವರು ಎತ್ತಿಕೊಂಡು ಹೋಗುತ್ತಾರೆ. ಕೈತೊಳೆಯುವಾಗ ನೆನಪಾಗಿ ಛತ್ರದ ಹಿತ್ತಲಿಗೆ ಓಡಿದರೆ ಮುನ್ನೂರು ಎಲೆ, ಎರಡು ಹಸು. ಅಕಸ್ಮಾತ್ ಸಿಕ್ಕಿತು ಎಂದಿಟ್ಟುಕೊಳ್ಳಿ. ಮನೆಗೆ ತಂದು, ಕ್ರಿಮಿ ಸಾಯಲೆಂದು ಅಮ್ಮ ಅದನ್ನು ಕುದಿಯುವ ನೀರಿಗೆ ಹಾಕುತ್ತಾರೆ. ಪ್ಲಾಸ್ಟಿಕ್ ಮೆತ್ತಗಾಗಿ ಹಪ್ಪಳದಂತೆ ಸುರುಟಿಕೊಳ್ಳುತ್ತದೆ, ಡಾಕ್ಟರ ಬಳಿ ಹೋಗಿ ಮತ್ತೆ ಅಚ್ಚು ಕೊಡಬೇಕಾಗುತ್ತದೆ.