ಬೊಗಳುವ ವಿಮಾನ, ಗೊರೆಯುವ ಮಾವ

ಕೊಡಗಿನಲ್ಲಿ ವಿಮಾನ ನಿಲ್ದಾಣವಿಲ್ಲ, ರೈಲೂ ಇಲ್ಲ. ಆದ್ದರಿಂದ ನಮ್ಮವರು ಮೇಲೇರಬೇಕಾದರೆ ಮೊದಲು ಘಟ್ಟ ಇಳಿಯಬೇಕು. ಮಾಕುಟ್ಟದ ಕಾಡು ದಾಟಿ ಮಟ್ಟನ್ನೂರಿನಲ್ಲಿರುವ ಕಣ್ಣೂರು ನಿಲ್ದಾಣಕ್ಕೋ, ಸಂಪಾಜೆಯ ಮೂಲಕ ಮಂಗಳೂರಿಗೋ ಹೋಗಬೇಕು. ಇಂಥ ತಿರುವುಗಳಲ್ಲೇ ಬೆಳೆದವರು ಆಕಾಶದಲ್ಲಿ ನಡುಗುತ್ತಾರೆಂದರೆ ಯಾರೂ ನಂಬುವುದಿಲ್ಲ. ಅದರಲ್ಲೂ ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಹುಟ್ಟಿದ ಜಿಲ್ಲೆಯವನು ವಿಮಾನಕ್ಕೆ ಹೆದರುತ್ತೇನೆಂದು ಬಾಯಿ ಬಿಟ್ಟು ಹೇಳುವಂತಿಲ್ಲ. ಹೊಟ್ಟೆ ಸರಿಯಿಲ್ಲವೆಂದು ಹೇಳಿ ಸೀಟಿನ ಕೈಯನ್ನು ಬಿಗಿಯಾಗಿ ಹಿಡಿದುಕೊಳ್ಳಬೇಕು.

ಭಯಕ್ಕೆ ತಿಳಿವಳಿಕೆಯೇ ಮದ್ದೆಂದು ಯಾರೋ ಹೇಳಿದ್ದನ್ನು ನಂಬಿ, ವಿಮಾನದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಹಿಂದೆ ನನಗೆ ಒಂದೇ ಒಂದು ಭಯವಿತ್ತು, ಬಿದ್ದುಹೋಗುತ್ತದೆ ಎಂಬುದು. ಈಗ ಪ್ರತಿಯೊಂದು ಭಾಗಕ್ಕೂ ಬೇರೆ ಬೇರೆ ಭಯವಿದೆ. ಹೊಸ ವಿಮಾನದ ರೆಕ್ಕೆ ಬಳಕೆಯಲ್ಲಿ ಎದುರಾಗಬಹುದಾದ ಗರಿಷ್ಠ ಭಾರದ ಒಂದೂವರೆ ಪಟ್ಟು ತಾಳಬೇಕೆಂಬ ನಿಯಮವಿದೆ. ಬೋಯಿಂಗ್ 777ರ ರೆಕ್ಕೆಯನ್ನು 1995ರಲ್ಲಿ ಬೇಕೆಂದೇ ಬಗ್ಗಿಸಿ ಪರೀಕ್ಷಿಸಿದಾಗ ಅದು ಶೇಕಡಾ 154ರಲ್ಲಿ ಮುರಿಯಿತಂತೆ. ಓದಿದ ದಿನ ನೆಮ್ಮದಿಯಾಗಿತ್ತು. ಆಮೇಲೆ, ಮೋಡದೊಳಗೆ ರೆಕ್ಕೆ ತೊನೆದಾಗಲೆಲ್ಲ, ಈಗ ಎಷ್ಟನೆಯ ಶೇಕಡಾ ನಡೆಯುತ್ತಿರಬಹುದು ಎಂದು ಲೆಕ್ಕ ಹಾಕುವ ಚಟ ಅಂಟಿಕೊಂಡಿತು. ತಲೆಯ ಮೇಲಿನಿಂದ ಬೀಳುವ ಮುಖವಾಡದ ಆಮ್ಲಜನಕ ಸುಮಾರು 12 ನಿಮಿಷ ಮಾತ್ರ ಬರುತ್ತದೆಂಬುದೂ ನನಗೆ ತಿಳಿಯದಿದ್ದರೆ ಚೆನ್ನಾಗಿತ್ತು.

ನನ್ನ ಸೋದರಮಾವ ಸೈನ್ಯದಿಂದ ನಿವೃತ್ತರಾದವರು, ಏನನ್ನೂ ಓದದವರು. ಕಳೆದ ಮಳೆಗಾಲದಲ್ಲಿ ಮುಂಬೈಯಿಂದ ಅವರೊಂದಿಗೆ ಮಂಗಳೂರಿಗೆ ಬರುವಾಗ, ವಿಮಾನ ಹೊರಡುವ ಮೊದಲೇ ನೆಲದಡಿಯಿಂದ ನಾಯಿ ಬೊಗಳಿದಂಥ ಸದ್ದು ಬಂತು. ಅದು ಏರ್‌ಬಸ್ ಎ320ರ ಎರಡು ಹೈಡ್ರಾಲಿಕ್ ವ್ಯವಸ್ಥೆಗಳ ಒತ್ತಡವನ್ನು ಸರಿದೂಗಿಸುವ ಘಟಕದ ಮಾಮೂಲು ಸದ್ದೆಂದು ಗೊತ್ತಿದ್ದೂ ನನ್ನ ಅಂಗೈ ಬೆವರಿತು. ಮಾವ ಒಂದು ಕ್ಷಣ ಕಿವಿಗೊಟ್ಟು, "ಬೇಟೆ ನಾಯಿಯಲ್ಲ, ಯಾರೋ ಸಾಕಿದ ದಡ್ಡ ನಾಯಿ" ಎಂದು ತೀರ್ಪಿತ್ತು ಕಣ್ಣು ಮುಚ್ಚಿದರು. ಹಾರಾಟದಲ್ಲಿ ವಿಮಾನದೊಳಗಿನ ಗಾಳಿ 8,000 ಅಡಿಯವರೆಗಿನ ಬೆಟ್ಟದ ಗಾಳಿಯಷ್ಟು ತೆಳುವಾಗಿರುತ್ತದೆ, ಎಂದರೆ 5,735 ಅಡಿಯ ನಮ್ಮ ತಡಿಯಂಡಮೋಳ್‌ಗಿಂತಲೂ ನಾವು ಮೇಲಿದ್ದೇವೆ ಎಂದು ನಾನು ಹೇಳುತ್ತಿದ್ದಾಗ, ಅವರು ಜಿಗಣೆಯಿಲ್ಲದ ಆ ಶಿಖರದಲ್ಲಿ ಗೊರಕೆ ಹೊಡೆಯುತ್ತಿದ್ದರು.

ಮಂಗಳೂರು ನಿಲ್ದಾಣವಿರುವುದು ಗುಡ್ಡದ ತಲೆಯ ಮೇಲೆ, ರನ್‌ವೇ ಮುಗಿದ ಮೇಲೆ ಕಣಿವೆ. ಕಿಟಕಿಯಾಚೆ ಬಿಳಿಯ ಮೋಡ ಬಿಟ್ಟರೆ ಏನೂ ಇರಲಿಲ್ಲ. ಚಕ್ರಗಳು ಧಡ್ಡೆಂದು ಇಳಿದವು, ನೆಲ ಇನ್ನೇನು ಬರಬೇಕೆನ್ನುವಾಗ ಎಂಜಿನ್‌ಗಳು ಅಬ್ಬರಿಸಿ ವಿಮಾನ ಮೂತಿಯೆತ್ತಿ ಮತ್ತೆ ಮೇಲಕ್ಕೆ ನುಗ್ಗಿತು. ಹಿಂದಿನ ಸೀಟಿನ ಅಜ್ಜಿ ಜೋರಾಗಿ ಕಟೀಲಿನ ಅಮ್ಮನನ್ನು ಕರೆದರು. ಕಾವೇರಮ್ಮನನ್ನು ನಾನು ಮನಸ್ಸಿನಲ್ಲೇ ಕರೆದೆ.

ಮಾವ ಎದ್ದು, "ಏನಾಯ್ತೋ?" ಎಂದರು.

"ಗೋ ಅರೌಂಡ್, ಮಾವ. ರನ್‌ವೇ ಕಾಣದಿದ್ದರೆ ಇಳಿಯದೆ ಮೇಲೇರಬೇಕೆಂದೇ ನಿಯಮ. ಇದರಲ್ಲಿ ಅಪಾಯವೇನೂ ಇಲ್ಲ," ಎಂದೆ, ಅವರ ತೋಳನ್ನು ಬಿಡದೆ.

"ಹಾಗಾದರೆ ಇನ್ನೊಂದು ಕಾಫಿ ಕೊಡುತ್ತಾರೇನು?"

ಕೊಡಲಿಲ್ಲ. ಎರಡನೆಯ ಸಲ ಇಳಿದಾಗ ಬೆನ್ನುಮೂಳೆಯೇ ಕುಲುಕಿತು. ಒದ್ದೆ ರನ್‌ವೇಯಲ್ಲಿ ಚಕ್ರಗಳು ನೀರಿನ ಪದರದ ಮೇಲೆ ಜಾರದಿರಲೆಂದು ಪೈಲಟ್ ಹಾಗೆ ಗಟ್ಟಿಯಾಗಿ ಇಳಿಸುತ್ತಾರೆಂದು ನಾನು ವಿವರಿಸಿದ್ದನ್ನು ಪಕ್ಕದ ಸಾಲಿನವರು ಕೂಡ ಕೇಳಲಿಲ್ಲ. ಬಾಗಿಲಲ್ಲಿ ಕೈಮುಗಿದು ನಿಂತಿದ್ದ ಗಗನಸಖಿಯನ್ನು ಮಾವ ಕೇಳಿದ್ದು ಒಂದೇ ಪ್ರಶ್ನೆ: "ಇಲ್ಲಿ ಎಷ್ಟು ಇಂಚು ಮಳೆಯಾಯಿತು?" ತೋಟದಲ್ಲಿ ಮಳೆಮಾಪಕ ಇಟ್ಟುಕೊಂಡವರಿಗೆ ಉತ್ತರ ಸಿಗುವವರೆಗೆ ಸಮಾಧಾನವಿಲ್ಲ, ಹಿಂದೆ ಸರದಿ ಬೆಳೆಯುತ್ತಲೇ ಇತ್ತು.

ಹೊರಗೆ ಒಂದು ಟ್ಯಾಕ್ಸಿ ಹಿಡಿದೆವು. ಸುಳ್ಯ ದಾಟುವಷ್ಟರಲ್ಲಿ ನನಗೆ ಸುಖವಾದ ನಿದ್ದೆ ಹತ್ತಿತ್ತು. ಸಂಪಾಜೆಯ ಮೇಲೆ ಎಚ್ಚರವಾದಾಗ, ಮಾವ ಎರಡೂ ಕೈಗಳಿಂದ ಬಾಗಿಲ ಮೇಲಿನ ಹಿಡಿಯನ್ನು ಹಿಡಿದು, ಇಲ್ಲದ ಬ್ರೇಕನ್ನು ಬಲಗಾಲಿನಿಂದ ಒತ್ತುತ್ತಾ, ಮುಂದಿನ ತಿರುವಿನಲ್ಲಿ ಯಾವ ವರ್ಷ ಯಾವ ಲಾರಿ ಎಲ್ಲಿ ಉರುಳಿತ್ತೆಂಬುದನ್ನು ಘಟ್ಟಕ್ಕೆ ಹೊಸಬನಾದ ಚಾಲಕನಿಗೆ ವಿವರಿಸುತ್ತಿದ್ದರು.