ಆ ಕೋಣೆಯಲ್ಲಿ ಅಮ್ಮನ ಕೈಗೂ ಒಂದು ಪೆನ್ನು ಕೊಡಬೇಕಿತ್ತು

ಹನ್ನೊಂದು ವರ್ಷದ ಹಿಂದೆ ನನ್ನ ಅಮ್ಮ ಎರಡು ದಿನ ‘ಕೇಸ್’ ಆಗಿದ್ದಳು. ಚಿಕ್ಕಂದಿನಲ್ಲಿ ಬಂದ ರುಮ್ಯಾಟಿಕ್ ಜ್ವರ ಅವಳ ಹೃದಯದ ಮೈಟ್ರಲ್ ವಾಲ್ವನ್ನು ಕಿರಿದು ಮಾಡಿಟ್ಟು ಹೋಗಿತ್ತು. ನಮಗದು ಗೊತ್ತಾಗಿದ್ದು ಅವಳಿಗೆ ಐವತ್ತು ದಾಟಿ, ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿದ ಮೇಲೆ. ತೋರಿಸುತ್ತಿದ್ದ ಮೆಡಿಕಲ್ ಕಾಲೇಜು ಆಸ್ಪತ್ರೆಯಿಂದ ಒಂದು ದಿನ ಫೋನ್ ಬಂತು. “ಫೈನಲ್ ಇಯರ್ ಎಕ್ಸಾಂ ಇದೆ ಮೇಡಂ. ನಿಮ್ಮ ತಾಯಿಯವರದು ಒಳ್ಳೆ ಕೇಸ್. ಎರಡು ದಿನ ಕಳಿಸಿಕೊಡಿ, ಊಟ, ಬಸ್ ಚಾರ್ಜ್ ಎಲ್ಲ ನಮ್ಮದು.” ಔಷಧಿಗೆ ಆಗಾಗ ರಿಯಾಯಿತಿ ಕೊಡುತ್ತಿದ್ದ ಜಾಗ, ಅಮ್ಮ ಇಲ್ಲ ಅನ್ನಲಿಲ್ಲ. ನಾನು ರಜೆ ಹಾಕಿ ಜೊತೆಗೆ ಹೋದೆ.

ಒಂದು ಹಾಲ್, ಸಾಲು ಮಂಚಗಳು, ಮಧ್ಯೆ ಹಸಿರು ಪರದೆ. ಅಮ್ಮನ ಪರದೆಯ ಹೊರಗೆ ನನಗೊಂದು ಸ್ಟೂಲ್. ಮೈಟ್ರಲ್ ವಾಲ್ವಿನ ಆ ಸಣ್ಣ ಗುಡುಗಿನಂಥ ಸದ್ದು ಸರಿಯಾಗಿ ಕೇಳಬೇಕಾದರೆ ರೋಗಿ ಎಡಮಗ್ಗುಲಿಗೆ ಹೊರಳಬೇಕು, ಉಸಿರು ಪೂರ್ತಿ ಹೊರಗೆ ಬಿಟ್ಟು ಹಿಡಿದುಕೊಳ್ಳಬೇಕು. ಮೆಟ್ಟಿಲು ಹತ್ತಲಾರದ ಹೆಂಗಸು ಎರಡು ದಿನದಲ್ಲಿ ಎಷ್ಟು ಸಲ ಹೊರಳಿದಳು, ಎಷ್ಟು ಸಲ ಉಸಿರು ಹಿಡಿದಳು ಅಂತ ಎಣಿಸಿದವರಿಲ್ಲ.

ಸಂಜೆ ಬಸ್ಸಿನಲ್ಲಿ ಅವಳು ಒಬ್ಬೊಬ್ಬರನ್ನೇ ಹೇಳುತ್ತಾ ಬಂದಳು. ಹೆಸರು ಗೊತ್ತಿಲ್ಲ, ಹಾಗಾಗಿ ಕನ್ನಡಕದವನು, ಉದ್ದ ಜಡೆಯವಳು, ಬಿಳಿ ಶೂ ಹುಡುಗ. ಕನ್ನಡಕದವನಿಗೆ ಕನ್ನಡ ಅರ್ಧಂಬರ್ಧ. ಸ್ಟೆತಾಸ್ಕೋಪಿನ ತುದಿಯನ್ನು ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿಕೊಂಡು “ಇಡ್ಲಾ ಅಮ್ಮಾ?” ಅಂತ ಕೇಳಿ ಇಟ್ಟನಂತೆ. ಮುಗಿದ ಮೇಲೆ ಸೆರಗು ಹೊದಿಸಿ, ಕೈ ಕೊಟ್ಟು ಕೂರಿಸಿ, ಆಮೇಲೆ ಎಕ್ಸಾಮಿನರ್ ಕಡೆ ತಿರುಗಿದನಂತೆ. ಪ್ರಶ್ನೆ ಬಂದಾಗ ತಡವರಿಸಿದ. ಬಿಳಿ ಶೂ ಹುಡುಗ ಪಟಪಟ ಇಂಗ್ಲಿಷಿನಲ್ಲಿ ಎಲ್ಲ ಹೇಳಿ “ಗುಡ್” ಅನ್ನಿಸಿಕೊಂಡದ್ದನ್ನು ನಾನೇ ಹೊರಗಿನಿಂದ ಕೇಳಿಸಿಕೊಂಡೆ. “ಉಸಿರು ಬಿಟ್ಟು ಹಿಡ್ಕೊಳ್ಳಿ ಅಂದ ಕಣೆ ಆ ಹುಡುಗ. ಮತ್ತೆ ಉಸಿರಾಡಿ ಅನ್ನೋದನ್ನೇ ಮರೆತ,” ಅಂದಳು ಅಮ್ಮ. ಅವಳ ದನಿಯಲ್ಲಿ ಕೋಪ ಇರಲಿಲ್ಲ. ಅವನು ಹೇಳುವವರೆಗೂ ಕಾಯಬೇಕು ಅಂದುಕೊಂಡು ಹಿಡಿದೇ ಇದ್ದಳಂತೆ.

ಆ ಹಾಲಿನಲ್ಲಿ ಅಂಕ ಹಾಕುತ್ತಿದ್ದವರೆಲ್ಲ ಡಾಕ್ಟರುಗಳು, ಇದೇ ಕಾಲೇಜಿನವರು, ಬೇರೆ ಕಾಲೇಜಿನಿಂದ ಬಂದವರು. ಒಬ್ಬರೂ ಅಮ್ಮನನ್ನು “ಹೇಗೆ ನೋಡಿದರು ಇವರು ನಿಮ್ಮನ್ನ?” ಅಂತ ಕೇಳಲಿಲ್ಲ. ಬಿಳಿ ಶೂ ಹುಡುಗ ಕೆಟ್ಟ ಡಾಕ್ಟರ್ ಆಗಿದ್ದಾನೆ ಅಂತ ನಾನು ಹೇಳಲಾರೆ, ಈಗ ಎಲ್ಲೋ ಒಳ್ಳೆಯ ಹೆಸರು ಮಾಡಿರಬಹುದು. ಆದರೆ ಆ ದಿನ ಅವನಿಗೆ ಹೇಳಬೇಕಾಗಿದ್ದ ಒಂದು ಮಾತು ಅಮ್ಮನ ಹತ್ತಿರ ಮಾತ್ರ ಇತ್ತು, ಅದು ಅವನ ಕಿವಿಗೆ ಬೀಳಲೇ ಇಲ್ಲ. ನನ್ನ ಸಂಕಟ ಅದು.

ಇದನ್ನೆಲ್ಲ ಈಗ ಬರೆಯಲು ಕಾರಣ, ಡಾಕ್ಟರುಗಳ ಕ್ಲಿನಿಕಲ್ ಪರೀಕ್ಷೆಯಲ್ಲಿ ಡಾಕ್ಟರ್ ಅಲ್ಲದ ಜನಸಾಮಾನ್ಯರು ಕೂತು ಅಂಕ ಕೊಡುವ ಪದ್ಧತಿಯ ಬಗ್ಗೆ ಕೆಲವು ದಿನಗಳಿಂದ ಓದುತ್ತಿದ್ದೇನೆ. ಬ್ರಿಟನ್ನಿನಲ್ಲಿ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರ ರಾಯಲ್ ಕಾಲೇಜು ನಡೆಸುವ ಎಂಆರ್‌ಸಿಒಜಿ ಪರೀಕ್ಷೆಯ ಹೆಸರನ್ನು ನಮ್ಮೂರಿನ ಲೇಡಿ ಡಾಕ್ಟರುಗಳ ಬೋರ್ಡಿನ ಮೇಲೆ ನೀವೂ ನೋಡಿರುತ್ತೀರಿ. 2016ರಿಂದ ಅದರ ಮೂರನೇ ಭಾಗ ಪೂರ್ತಿ ಕ್ಲಿನಿಕಲ್ ಪರೀಕ್ಷೆ. ಒಟ್ಟು 14 ಟಾಸ್ಕ್, ಒಂದೊಂದಕ್ಕೆ 12 ನಿಮಿಷ. ಅವುಗಳಲ್ಲಿ ಕೆಲವು ಟಾಸ್ಕುಗಳಲ್ಲಿ ಡಾಕ್ಟರ್ ಎಕ್ಸಾಮಿನರ್ ಪಕ್ಕದಲ್ಲಿ ತರಬೇತಿ ಪಡೆದ ಸಾಮಾನ್ಯ ವ್ಯಕ್ತಿಯೊಬ್ಬರು ಕೂತಿರುತ್ತಾರೆ. ಔಷಧದ ಡೋಸ್ ಸರಿಯೇ ಅಂತ ನೋಡುವುದು ಅವರ ಕೆಲಸವಲ್ಲ. ರೋಗಿಗೆ ಅರ್ಥವಾಗುವ ಹಾಗೆ ಹೇಳಿದರಾ, ಅವಳ ಮಾತು ಕೇಳಿಸಿಕೊಂಡರಾ, ಮರ್ಯಾದೆ ಕೊಟ್ಟರಾ, ಇದನ್ನು ನೋಡಿ ಪಾಸ್, ಬಾರ್ಡರ್‌ಲೈನ್, ಫೇಲ್ ಅಂತ ಬರೆಯುತ್ತಾರೆ. ಆ ಬರಹ ಫಲಿತಾಂಶಕ್ಕೆ ಸೇರುತ್ತದೆ. ಓದಿದಾಗ ನನಗೆ ಮೊದಲು ನೆನಪಾದದ್ದು ಬಸ್ಸಿನ ಕಿಟಕಿ ಪಕ್ಕ ಕೂತಿದ್ದ ಅಮ್ಮ.

ಇದರ ಬೇರು ಹುಡುಕಿಕೊಂಡು ಹೋದರೆ ಅಲ್ಲೂ ಒಬ್ಬ ರೋಗಿಯೇ ಸಿಗುತ್ತಾನೆ. ಅಮೆರಿಕದ ನರರೋಗ ತಜ್ಞ ಹೋವರ್ಡ್ ಬ್ಯಾರೋಸ್‌ಗೆ, ಪರೀಕ್ಷೆಗೆ ‘ಕೇಸ್’ ಆಗಿ ಬಂದಿದ್ದ ಒಬ್ಬಾತ ಹೇಳಿದ್ದನಂತೆ: ಒಬ್ಬ ಅಭ್ಯರ್ಥಿ ತುಂಬ ಒರಟಾಗಿ ನಡೆದುಕೊಂಡ, ಅದಕ್ಕೇ ನಾನು ನನ್ನ ಲಕ್ಷಣಗಳನ್ನೇ ಬೇಕೆಂದು ಬದಲಿಸಿ ತೋರಿಸಿದೆ. ರೋಗಿ ಮಂಚದ ಮೇಲಿನ ಗೊಂಬೆಯಲ್ಲ, ಅವನು ನೋಡುತ್ತಿರುತ್ತಾನೆ ಅಂತ ಬ್ಯಾರೋಸ್‌ಗೆ ಹೊಳೆಯಿತು. 1963ರಲ್ಲಿ ಲಾಸ್ ಏಂಜಲೀಸಿನಲ್ಲಿ ಅವರು ಆರೋಗ್ಯವಂತ ಮಹಿಳೆಯೊಬ್ಬರಿಗೆ ರೋಗಿಯ ಪಾತ್ರ ಕಲಿಸಿದರು, ವಿದ್ಯಾರ್ಥಿ ಏನೇನು ಮಾಡಿದ ಅಂತ ಬರೆದುಕೊಡುವುದನ್ನೂ ಕಲಿಸಿದರು. ಮುಂದೆ 1975ರಲ್ಲಿ ಸ್ಕಾಟ್ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ ಓಸ್ಕಿ ಪರೀಕ್ಷೆ ತಂದರು, ವಿದ್ಯಾರ್ಥಿ ಒಂದೊಂದು ಸ್ಟೇಷನ್ನಿನಲ್ಲಿ ಒಂದೊಂದು ಕೆಲಸ ಮಾಡಿ ತೋರಿಸುತ್ತ ಮುಂದಿನದಕ್ಕೆ ಹೋಗುವ ಪರೀಕ್ಷೆ ಅದು. ಇವತ್ತು ನಮ್ಮ ನರ್ಸಿಂಗ್ ಮಕ್ಕಳಿಗೂ ಆ ಹೆಸರು ಗೊತ್ತು.

“ಮಾತು ಚೆನ್ನಾಗಿದ್ದರೆ ಸಾಕೇ, ಕೈಗುಣ ಬೇಡವೇ?” ಅಂತ ಡಾಕ್ಟರ್ ಗೆಳತಿಯೊಬ್ಬಳು ಕೇಳಿದಳು. ಕೈಗುಣ ಖಂಡಿತ ಬೇಕು, ಅದನ್ನು ಅಳೆಯುವವರು ಡಾಕ್ಟರುಗಳೇ ಆಗಿರಲಿ. ಆದರೆ ಮಾತನ್ನು ಬರೀ ಶಿಷ್ಟಾಚಾರ ಅಂತ ತಳ್ಳಿಹಾಕಬೇಡಿ. ಕೆನಡಾದಲ್ಲಿ 1993ರಿಂದ 1996ರ ನಡುವೆ ಲೈಸೆನ್ಸ್ ಪರೀಕ್ಷೆ ಬರೆದ 3,424 ವೈದ್ಯರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ರೋಗಿಯ ಜೊತೆ ಮಾತಾಡುವ ಭಾಗದಲ್ಲಿ ಕಡಿಮೆ ಅಂಕ ಬಂದವರ ಮೇಲೆಯೇ ಮುಂದೆ ಹೆಚ್ಚು ದೂರುಗಳು ಬಂದಿದ್ದವು. ಪರೀಕ್ಷೆಯ ದಿನ ಕಂಡದ್ದು ಹತ್ತು ವರ್ಷದ ನಂತರವೂ ಹಾಗೇ ಉಳಿದಿತ್ತು.

ಇನ್ನೊಂದು ಆಕ್ಷೇಪ ನನ್ನನ್ನೂ ಕಾಡುತ್ತದೆ. ಜನಸಾಮಾನ್ಯರೆಂದರೆ ದೇವರಲ್ಲ. ಹುಡುಗಿಯೊಬ್ಬಳು ಕೈಮುಟ್ಟಿ ಪರೀಕ್ಷೆ ಮಾಡಿದರೆ ಮುಖ ಗಂಟು ಹಾಕುವವರು, ಹೆಸರು ಕೇಳಿ ಜಾತಿ ಧರ್ಮ ಲೆಕ್ಕ ಹಾಕುವವರು, ಮಣಿಪುರದಿಂದ ಬಂದ ಮಗುವಿನ ಕನ್ನಡಕ್ಕೆ ನಗುವವರು ನಮ್ಮ ನಡುವೆ ಇದ್ದಾರೆ. ಅಂಥವರ ಕೈಗೆ ಪೆನ್ನು ಕೊಟ್ಟರೆ ಅನ್ಯಾಯವಾಗುತ್ತದೆ. ನಾನು ಇಪ್ಪತ್ತೆರಡು ವರ್ಷದಿಂದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೇನೆ, ಎಸ್‌ಎಸ್‌ಎಲ್‌ಸಿ ಮೌಲ್ಯಮಾಪನಕ್ಕೆ ಹೋಗುತ್ತೇನೆ. ಅಲ್ಲಿ ಮೊದಲು ಕೀ ಉತ್ತರ ಇಟ್ಟುಕೊಂಡು ಚರ್ಚೆ, ಆಮೇಲೆ ಪೇಪರ್. ನಾವು ತಿದ್ದಿದ್ದನ್ನು ಉಪ ಮುಖ್ಯ ಮೌಲ್ಯಮಾಪಕರು ಮತ್ತೆ ನೋಡುತ್ತಾರೆ. ನನ್ನ ಮೂಗಿನ ನೇರಕ್ಕೆ ಅಂಕ ಹಾಕಲು ಬಿಡುವುದಿಲ್ಲ. ಡಾಕ್ಟರುಗಳ ಪರೀಕ್ಷೆಯಲ್ಲಿ ಕೂರುವ ಜನರಿಗೂ ಅಷ್ಟೇ ಕಟ್ಟುನಿಟ್ಟು ಇರಲಿ: ತರಬೇತಿ ಕೊಡಿ, ಒಬ್ಬರ ಬದಲು ಇಬ್ಬರು ಮೂವರನ್ನು ಬೇರೆ ಬೇರೆ ಮಂಚದ ಹತ್ತಿರ ಕೂರಿಸಿ, ಒಬ್ಬರ ಅಂಕದಿಂದಲೇ ಯಾರೂ ಫೇಲ್ ಆಗದ ಹಾಗೆ ನೋಡಿಕೊಳ್ಳಿ.

ಖರ್ಚಿನ ಮಾತೂ ಇದೆ. ಅಮೆರಿಕದಲ್ಲಿ ಡಾಕ್ಟರ್ ಲೈಸೆನ್ಸಿಗೆ ಪಾಸಾಗಬೇಕಿದ್ದ ಸ್ಟೆಪ್ 2 ಸಿಎಸ್ ಪರೀಕ್ಷೆಯಲ್ಲಿ ರೋಗಿಯ ಪಾತ್ರ ಮಾಡುವವರೇ ವೈದ್ಯರ ನಡವಳಿಕೆಗೆ ಅಂಕ ಕೊಡುತ್ತಿದ್ದರು. ಐದೇ ಊರುಗಳಲ್ಲಿ ಕೇಂದ್ರ, ನಮ್ಮ ಬೆಂಗಳೂರು ಮೈಸೂರಿನ ಮಕ್ಕಳು ಸಾಲ ಮಾಡಿ ವಿಮಾನ ಹತ್ತುತ್ತಿದ್ದರು. 2004ರಲ್ಲಿ ಶುರುವಾದದ್ದು ಕೋವಿಡ್ ಸಮಯದಲ್ಲಿ ನಿಂತಿತು, 2021ರ ಜನವರಿಯಲ್ಲಿ ಕೈಬಿಟ್ಟೆವು ಅಂದರು. ನಮಗೆ ಅಂಥ ದುಬಾರಿ ಏರ್ಪಾಡು ಬೇಕಿಲ್ಲ. ನಮ್ಮ ಹಾಲಿನಲ್ಲಿ ರೋಗಿ ಆಗಲೇ ಮಲಗಿದ್ದಾಳೆ, ಬೇಕಾಗಿರುವುದು ಅವಳ ಪಕ್ಕ ಒಂದು ಕುರ್ಚಿ.

ಆ ಕುರ್ಚಿಯಲ್ಲಿ ಯಾರು ಕೂರಬೇಕು ಅಂತ ಕೇಳಿದರೆ ನನ್ನ ಉತ್ತರ ಸಿದ್ಧವಿದೆ. ಹಳ್ಳಿಯ ಆಶಾ ಕಾರ್ಯಕರ್ತೆ, ನಿವೃತ್ತ ಕಂಡಕ್ಟರ್, ಅಂಗನವಾಡಿ ಟೀಚರ್. ‘ಹೊಟ್ಟೆ ತೊಳಸುತ್ತೆ’, ‘ಕಾಲು ಜೋಮು ಹಿಡಿದಿದೆ’, ‘ಬಿಳಿ ಹೋಗುತ್ತೆ’ ಅನ್ನುವ ಮಾತು ಬಾಯಿಂದ ಬಿದ್ದಾಗ ಎದುರಿಗಿರುವ ಹುಡುಗನಿಗೆ ಅದು ತಲುಪಿತೋ ಇಲ್ಲವೋ ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ತಿಳಿಯುತ್ತದೆ? ಬಿಳಿ ಹೋಗುತ್ತೆ ಅನ್ನುವಾಗ ಹೆಂಗಸಿನ ದನಿ ಎಷ್ಟು ತಗ್ಗುತ್ತದೆ ಅನ್ನುವುದೂ ಅವರಿಗೆ ಗೊತ್ತು.

ವೈದ್ಯ ಶಿಕ್ಷಣದ ಪಠ್ಯಕ್ರಮದಲ್ಲಿ ಇದಕ್ಕೆ ಜಾಗ ಆಗಲೇ ಇದೆ. 2019ರ ಬ್ಯಾಚಿನಿಂದ ಎಂಬಿಬಿಎಸ್ ಮಕ್ಕಳಿಗೆ ಎಟ್‌ಕಾಮ್ ಅಂತ ಬಂದಿದೆ, ನಡತೆ, ನೀತಿ, ಸಂವಹನದ 27 ಪಾಠಗಳು. ಅದನ್ನು ಕಲಿಸುವವರು ಡಾಕ್ಟರುಗಳು, ಕಲಿತರೋ ಅಂತ ನೋಡುವವರೂ ಡಾಕ್ಟರುಗಳೇ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ನನ್ನ ಬೇಡಿಕೆ ಚಿಕ್ಕದು. ಫೈನಲ್ ಪರೀಕ್ಷೆಯನ್ನು ಸದ್ಯಕ್ಕೆ ಮುಟ್ಟಬೇಡಿ. ಮೊದಲು ಕಾಲೇಜಿನ ಒಳಗಿನ ಇಂಟರ್ನಲ್ ಪರೀಕ್ಷೆಯಲ್ಲಿ ಈ ಕುರ್ಚಿ ಹಾಕಿಸಿ. ಅದಕ್ಕೂ ಮೊದಲು, ಮಂಚದ ಮೇಲಿರುವವರಿಗೆ ಮೂರು ಪ್ರಶ್ನೆ ಕೇಳಿ: ಮುಟ್ಟುವ ಮುಂಚೆ ಹೇಳಿದರಾ? ನೋವಾದಾಗ ನಿಲ್ಲಿಸಿದರಾ? ನಿಮ್ಮ ಮನೆಯವರಿಗೆ ಹುಷಾರು ತಪ್ಪಿದರೆ ಇವರ ಹತ್ತಿರ ಕರೆದುಕೊಂಡು ಬರುತ್ತೀರಾ?

ಬಲೂನ್ ಹಾಕಿ ವಾಲ್ವ್ ಅಗಲ ಮಾಡಿಸಿದ ಮೇಲೆ ಅಮ್ಮ ಈಗ ಆರಾಮಾಗಿದ್ದಾಳೆ. ನಿನ್ನೆ ಇದನ್ನು ಬರೆದು ಅವಳಿಗೆ ಓದಿ ಹೇಳಿದೆ. ಮೂರು ಪ್ರಶ್ನೆ ಸಾಲದು, ಇನ್ನೊಂದು ಸೇರಿಸು ಅಂದಳು. ಸೇರಿಸಿದ್ದೇನೆ: ಉಸಿರು ಹಿಡಿಯಿರಿ ಅಂದವರು, ಬಿಡಿ ಅಂತಲೂ ಹೇಳಿದರಾ?